ಆಸ್ಪತ್ರೆಯ ರೋಗಾಣುಗಳಲ್ಲಿ ಔಷಧಪ್ರತಿರೋಧ: ಅದರ ಉತ್ಪತ್ತಿ ಮತ್ತು ನಿವಾರಣೋಪಾಯ

ಪೀಠಿಕೆ

೧೯೪೧ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಆಸ್ಪತ್ರೆಯೊಂದರಲ್ಲಿ ಒಬ್ಬ ಪೋಲೀಸು ಪೇದೆಯು ಸಾವಿನ ಅಂಚಿನಲ್ಲಿ ಮಲಗಿದ್ದನು. ಮುಖದಲ್ಲಿ ತಲೆದೋರಿದ ಸೋಂಕು ದೇಹವನ್ನೆಲ್ಲ ವ್ಯಾಪಿಸಿ, ಒಂದು ಕಣ್ಣನ್ನೂ ಬಲಿ ತೆಗೆದುಕೊಂಡಿತ್ತು. ಫ್ಲೋರಿ ಮತ್ತು ಅವರ ಸಹೋದ್ಯೋಗಿಗಳು ಪ್ರಯೋಗಶಾಲೆಯಲ್ಲಿ ಬಹು ಪ್ರಯಾಸದಿಂದ ಶೇಖರಿಸಿದ್ದ ಪೆನಿಸಿಲಿನ್ ಔಷಧವನ್ನು ಆ ತಿಂಗಳ ೧೨ರಂದು ಅವನಿಗೆ ಕೊಡತೊಡಗಿದರು. ಒಂದೆರಡು ದಿನಗಳಲ್ಲಿಯೇ ಜ್ವರ ಇಳಿಯಿತು. ರೋಗಿಗೆ ಹಸಿವು ಮರಳಿತು. ಆದರೆ ಔಷಧದ ಸಂಗ್ರಹ ಅತ್ಯಲ್ಪವಾಗಿತ್ತು. ರೋಗಿಯ ಮೂತ್ರದಿಂದಲೇ ಅದನ್ನು ಮರಳಿ ಬೇರ್ಪಡಿಸಿ ಅವನಿಗೇ ಕೊಟ್ಟರೂ ಐದಾರು ದಿನಗಳಲ್ಲಿ ಎಲ್ಲವೂ ಮುಗಿದುಹೋಯಿತು. ರೋಗ ಮರುಕಳಿಸಿತು. ಮಾರ್ಚ್ ೧೫ರಂದು ಅವನು ಮೃತನಾದನು.

ಅಂದು ಆ ರೋಗಿ ಸತ್ತುದು ಔಷಧವು ಸಾಲದೆ. ಇಂದು ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ, ಕಪಾಟಿನ ತುಂಬ ಔಷಧವಿದ್ದೂ ರೋಗಿಗಳು ಸಾಯುತ್ತಿದ್ದಾರೆ. ಪ್ರತಿಜೈವಿಕಗಳೆಂದು ಶಾಸ್ತ್ರದಲ್ಲಿಯೂ ಆಂಟಿಬಯೋಟಿಕ್‌ಗಳೆಂದು ಜನರ ಬಾಯಲ್ಲಿಯೂ ಹೆಸರಾದ ಈ ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಗಳಿಂದಲೇ ೨೦೧೯ನೆಯ ಒಂದು ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನರು ಮೃತರಾದರೆಂದು ೨೦೨೨ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಅಂದಾಜು ತಿಳಿಸುತ್ತದೆ. ಅಂದಿನ ಕೊರತೆ ಔಷಧದ್ದು. ಇಂದಿನ ಕೊರತೆ ಔಷಧದ ಶಕ್ತಿಯದು.

ಈ ಶಕ್ತಿಯು ಒಂದು ಸಾಮುದಾಯಿಕ ಮೂಲಧನದಂತಿದೆ. ಒಬ್ಬ ರೋಗಿಗೆ ಒಂದು ಗುಳಿಗೆ ಕೊಟ್ಟಾಗಲೆಲ್ಲ ಆ ಮೂಲಧನದಿಂದ ಕಿಂಚಿತ್ತಾದರೂ ವೆಚ್ಚವಾಗುತ್ತದೆ. ವೆಚ್ಚವು ಸಾರ್ಥಕವಾದರೆ ಒಂದು ಜೀವ ಉಳಿಯುತ್ತದೆ. ವ್ಯರ್ಥವಾದರೆ ಮುಂದೆ ಎಲ್ಲಿಯೋ ಯಾವನೋ ಅಪರಿಚಿತನು ಅದರ ನಷ್ಟವನ್ನು ಭರಿಸಬೇಕಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಈ ಧನವು ಆಸ್ಪತ್ರೆಗಳಲ್ಲಿ ಹೇಗೆ ಕರಗುತ್ತದೆ, ಕರಗಿದುದನ್ನು ಕೆಲಮಟ್ಟಿಗಾದರೂ ಮರಳಿ ಪಡೆಯಲು ಸಾಧ್ಯವೆ, ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

೧. ಪ್ರತಿರೋಧದ ಸ್ವರೂಪ

ರೋಗಿಯ ದೇಹವು ಔಷಧಕ್ಕೆ ಒಗ್ಗಿಹೋಗುವುದರಿಂದ ಔಷಧ ನಾಟುವುದಿಲ್ಲವೆಂಬ ಒಂದು ತಪ್ಪುಕಲ್ಪನೆ ವಿದ್ಯಾವಂತರಲ್ಲಿಯೂ ಉಂಟು. ಒಗ್ಗಿಹೋಗುವುದು ದೇಹವಲ್ಲ, ಬ್ಯಾಕ್ಟೀರಿಯ. ಅದು ಒಗ್ಗುವ ಬಗೆಯೂ ಮನುಷ್ಯನು ಅಭ್ಯಾಸಬಲದಿಂದ ಚಳಿಗೆ ಒಗ್ಗುವಂಥದಲ್ಲ. ಕೋಟ್ಯಂತರ ಬ್ಯಾಕ್ಟೀರಿಯಗಳಿರುವಲ್ಲಿ ಒಂದೆರಡರ ವಂಶವಾಹಿಯಲ್ಲಿ ಆಕಸ್ಮಿಕವಾಗಿ ಸ್ವಲ್ಪ ವ್ಯತ್ಯಾಸವಾಗಿ, ಔಷಧವನ್ನು ತಾಳಿಕೊಳ್ಳುವ ಗುಣ ಬಂದಿರಬಹುದು. ಔಷಧವು ಉಳಿದವನ್ನೆಲ್ಲ ಕೊಂದು ಆ ಒಂದೆರಡಕ್ಕೆ ಬಯಲನ್ನು ತೆರವು ಮಾಡಿಕೊಡುತ್ತದೆ.

ಮುಂದಿನದು ಚಕ್ರಬಡ್ಡಿಯ ಲೆಕ್ಕ. ಅನುಕೂಲ ಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತವೆ. ತಡೆಯಿಲ್ಲದೆ ಬೆಳೆದರೆ ಒಂದೇ ಒಂದು ಬ್ಯಾಕ್ಟೀರಿಯ ಎಂಟು ಗಂಟೆಗಳಲ್ಲಿ ಇಪ್ಪತ್ತನಾಲ್ಕು ಬಾರಿ ಇಮ್ಮಡಿಸಿ ೧ ಕೋಟಿ ೬೭ ಲಕ್ಷವನ್ನು ಮೀರುತ್ತದೆ. ದೇಹದೊಳಗೆ ಇಷ್ಟು ವೇಗ ಸಾಧ್ಯವಾಗದು, ನಿಜ. ಆದರೂ ಅಪೂರ್ವವಾಗಿದ್ದ ಗುಣವೊಂದು ಅಲ್ಪಕಾಲದಲ್ಲಿ ಸರ್ವಸಾಮಾನ್ಯವಾಗುವ ರಹಸ್ಯ ಇದರಿಂದ ತಿಳಿಯುತ್ತದೆ.

ಬ್ಯಾಕ್ಟೀರಿಯಗಳ ರಕ್ಷಣೋಪಾಯಗಳನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಔಷಧವನ್ನು ಒಡೆದುಹಾಕುವ ಕಿಣ್ವಗಳನ್ನು ಉತ್ಪಾದಿಸುವುದು. ಎರಡನೆಯದು, ಔಷಧವು ಹೋಗಿ ತಗುಲಬೇಕಾದ ಗುರಿಯನ್ನೇ ಮಾರ್ಪಡಿಸುವುದು. ಬೀಗದ ಒಳಗನ್ನು ಬದಲಾಯಿಸಿದರೆ ಹಳೆಯ ಬೀಗದಕೈ ನಿರುಪಯುಕ್ತವಾಗುವಂತೆ. ಮೂರನೆಯದು, ಔಷಧ ಒಳಹೊಗುವ ರಂಧ್ರಗಳನ್ನು ಕಿರಿದುಗೊಳಿಸುವುದು ಅಥವಾ ಮುಚ್ಚಿಬಿಡುವುದು. ನಾಲ್ಕನೆಯದು, ಒಳಹೊಕ್ಕ ಔಷಧವನ್ನು ಜೀವಕೋಶದ ರೇಚಕಗಳಿಂದ ಹೊರಕ್ಕೆ ತಳ್ಳುವುದು. ಒಂದೇ ಬ್ಯಾಕ್ಟೀರಿಯದಲ್ಲಿ ಈ ನಾಲ್ಕೂ ಕೂಡಿಬಂದರೆ ವೈದ್ಯನ ಕೈ ಬರಿದಾಗುತ್ತದೆ.

ಈ ವಿದ್ಯೆ ಬ್ಯಾಕ್ಟೀರಿಯಗಳಿಗೆ ಹೊಸದಲ್ಲ. ಪ್ರತಿಜೈವಿಕಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿರುವ ಬೂಷ್ಟು ಮತ್ತು ಬ್ಯಾಕ್ಟೀರಿಯಗಳಿಂದಲೇ ದೊರೆತವು. ಅಲ್ಲಿ ಅಸ್ತ್ರವಿದ್ದಂತೆ ಪ್ರತ್ಯಸ್ತ್ರವೂ ಅನಾದಿಯಿಂದ ಇತ್ತು. ಕೆನಡದ ಉತ್ತರಭಾಗದಲ್ಲಿ ಮೂವತ್ತು ಸಾವಿರ ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲದಲ್ಲಿ ಇಂದಿನ ಔಷಧಗಳನ್ನು ಎದುರಿಸಬಲ್ಲ ವಂಶವಾಹಿಗಳು ಇರುವುದನ್ನು ವಿಜ್ಞಾನಿಗಳು ೨೦೧೧ರಲ್ಲಿ ಪ್ರಕಟಿಸಿದರು. ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವನ್ನು ಏಬ್ರಹಾಂ ಮತ್ತು ಚೈನ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸರು ವರ್ಣಿಸಿದುದು ೧೯೪೦ರ ಡಿಸೆಂಬರಿನಲ್ಲಿ. ಮೇಲೆ ಹೇಳಿದ ಪೇದೆಗೆ ಔಷಧ ಕೊಡುವುದಕ್ಕೂ ಎರಡು ತಿಂಗಳು ಮೊದಲು. ಪ್ರಕೃತಿಯಲ್ಲಿ ಅಲ್ಲಲ್ಲಿ ಚದುರಿದ್ದ ಈ ಗುಣವನ್ನು ಆರಿಸಿ, ಬೆಳೆಸಿ, ಆಸ್ಪತ್ರೆಯ ಹಾಸಿಗೆಯವರೆಗೆ ತಂದುದು ಮಾತ್ರ ಮನುಷ್ಯನ ಕಾರ್ಯ.

೨. ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸಾಕ್ಷ್ಯ

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ದೊರೆಯುತ್ತದೆ. ಮೇರಿ ಬಾರ್ಬರ್ ಎಂಬ ಬ್ಯಾಕ್ಟೀರಿಯಶಾಸ್ತ್ರಜ್ಞೆ ಅಲ್ಲಿನ ರೋಗಿಗಳಿಂದ ದೊರೆತ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಗಳನ್ನು ಪರೀಕ್ಷಿಸುತ್ತಿದ್ದರು. ಕುರು, ಕೀವುಗಾಯ, ಶಸ್ತ್ರಚಿಕಿತ್ಸೆಯ ಬಳಿಕದ ನಂಜು ಮೊದಲಾದವಕ್ಕೆ ಕಾರಣವಾಗುವ ಈ ಬ್ಯಾಕ್ಟೀರಿಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ರಾಕ್ಷಿಯ ಗೊಂಚಲಿನಂತೆ ಕಾಣುತ್ತದೆ. ೧೯೪೬ರಲ್ಲಿ ಅವುಗಳ ಪೈಕಿ ಪೆನಿಸಿಲಿನ್ನಿಗೆ ಜಗ್ಗದವು ನೂರಕ್ಕೆ ಸುಮಾರು ೧೪, ೧೯೪೭ರಲ್ಲಿ ೩೮, ೧೯೪೮ರಲ್ಲಿ ೫೯. ಎರಡು ವರ್ಷಗಳಲ್ಲಿ ಅಲ್ಪಸಂಖ್ಯೆ ಬಹುಸಂಖ್ಯೆಯಾಯಿತು.

ಬಾರ್ಬರ್ ಅಂಕಿಗಳನ್ನು ಕೊಟ್ಟು ಸುಮ್ಮನಾಗಲಿಲ್ಲ. ರೋಗಿಯ ದೇಹದಲ್ಲಿ ಚಿಕಿತ್ಸೆಯ ಕಾಲದಲ್ಲಿ ಸಾಧು ಬ್ಯಾಕ್ಟೀರಿಯವು ಗಡುಸಾಗುತ್ತಿದೆಯೋ, ಇಲ್ಲವೆ ಮೊದಲೇ ಗಡುಸಾಗಿದ್ದ ತಳಿಯೊಂದು ರೋಗಿಯಿಂದ ರೋಗಿಗೆ ಹಬ್ಬುತ್ತಿದೆಯೋ ಎಂಬುದನ್ನು ಅವರು ವಿಚಾರಿಸಿದರು. ಆ ತಳಿಗಳು ಪೆನಿಸಿಲಿನ್ನನ್ನು ಒಡೆಯುವ ಕಿಣ್ವವನ್ನು ಹುಟ್ಟಿನಿಂದಲೇ ಹೊಂದಿದ್ದವೆಂದೂ, ಅವು ಆಸ್ಪತ್ರೆಯೊಳಗೆ ಹಬ್ಬುತ್ತಿದ್ದವೆಂದೂ ಸಿದ್ಧವಾಯಿತು. ಹೀಗೆ ಔಷಧವು ತಳಿಯನ್ನು ಆರಿಸುತ್ತದೆ. ಆಸ್ಪತ್ರೆಯು ಅದನ್ನು ಹಂಚುತ್ತದೆ. ಈ ಎರಡು ಕ್ರಿಯೆಗಳೂ ಬೇರೆ ಬೇರೆ ಎಂಬುದನ್ನು ನೆನಪಿನಲ್ಲಿಡಬೇಕು. ಏಕೆಂದರೆ ನಿವಾರಣೆಯೂ ಈ ಎರಡು ಕಡೆಗಳಿಂದ ನಡೆಯಬೇಕಾಗಿದೆ.

೧೯೫೦ರ ದಶಕದ ಕೊನೆಯಲ್ಲಿ ಅದೇ ಆಸ್ಪತ್ರೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಜಾರಿಗೆ ಬಂದಿತು. ಪೆನಿಸಿಲಿನ್ನಿನ ಬಳಕೆಗೆ ಮಿತಿ ಹಾಕಲಾಯಿತು. ಇತರ ಪ್ರತಿಜೈವಿಕಗಳನ್ನು ಒಂಟಿಯಾಗಿ ಕೊಡದೆ ಜೊತೆಗೂಡಿಸಿ ಕೊಡಲಾಯಿತು. ಸೋಂಕು ಹಬ್ಬದಂತೆ ಎಚ್ಚರ ವಹಿಸಲಾಯಿತು. ಅದರ ಪರಿಣಾಮವಾಗಿ ಪ್ರತಿರೋಧಿ ತಳಿಗಳ ಪ್ರಮಾಣ ಇಳಿಮುಖವಾಯಿತೆಂದು ಬಾರ್ಬರ್ ಮತ್ತು ಅವರ ಸಹೋದ್ಯೋಗಿಗಳು ೧೯೬೦ರಲ್ಲಿ ಪ್ರಕಟಿಸಿದರು. ಏರಿಕೆಯನ್ನು ತೋರಿಸಿದ ಆಸ್ಪತ್ರೆಯೇ ಇಳಿಕೆಯನ್ನೂ ತೋರಿಸಿತು. ಕಳೆದುಕೊಂಡ ಧನವು ಪೂರ್ತಿಯಾಗಿ ಅಲ್ಲದಿದ್ದರೂ ಭಾಗಶಃ ಮರಳಿ ಬರಬಲ್ಲದೆಂಬುದಕ್ಕೆ ಇದು ಮೊದಮೊದಲ ಪ್ರಮಾಣಗಳಲ್ಲಿ ಒಂದು. ಆಸ್ಪತ್ರೆಯ ಹೊರಗೂ ಇಂಥ ಉದಾಹರಣೆಯುಂಟು. ಫಿನ್ಲೆಂಡಿನಲ್ಲಿ ಎರಿತ್ರೊಮೈಸಿನ್ ಮತ್ತು ಅದರ ವರ್ಗದ ಔಷಧಗಳ ಬಳಕೆಯನ್ನು ಕಡಿಮೆ ಮಾಡಿದ ಮೇಲೆ, ಗಂಟಲುನೋವಿಗೆ ಕಾರಣವಾದ ಸ್ಟ್ರೆಪ್ಟೊಕಾಕಸ್ಸಿನಲ್ಲಿ ಪ್ರತಿರೋಧವು ೧೯೯೨ರಲ್ಲಿ ನೂರಕ್ಕೆ ೧೬.೫ ಇದ್ದುದು ೧೯೯೬ಕ್ಕೆ ೮.೬ಕ್ಕೆ ಇಳಿಯಿತು.

ಆದರೆ ಅದೇ ಕಾಲದಲ್ಲಿ ಜಗತ್ತಿನ ಗಮನ ಬೇರೆಡೆಗೆ ತಿರುಗಿತ್ತು. ಸ್ಟೆಫಿಲೊಕಾಕಸ್ಸಿನ ಕಿಣ್ವಕ್ಕೆ ಬಗ್ಗದ ಮೆಥಿಸಿಲಿನ್ ಎಂಬ ಹೊಸ ಔಷಧ ಆಗತಾನೆ ಬಂದು, ಸಮಸ್ಯೆ ಬಗೆಹರಿಯಿತೆಂಬ ಭಾವನೆಯನ್ನು ಹುಟ್ಟಿಸಿತ್ತು. ೧೯೬೧ರ ಆರಂಭದಲ್ಲಿಯೇ ಪೆಟ್ರೀಷಿಯಾ ಜೆವನ್ಸ್ ಎಂಬ ವಿಜ್ಞಾನಿ, ತಾವು ಪರೀಕ್ಷಿಸಿದ ಐದು ಸಾವಿರಕ್ಕೂ ಮಿಕ್ಕ ಮಾದರಿಗಳಲ್ಲಿ ಮೂರು ಮಾತ್ರ ಮೆಥಿಸಿಲಿನ್ನಿಗೆ ಜಗ್ಗಲಿಲ್ಲವೆಂದು ತಿಳಿಸಿದರು. ಐದು ಸಾವಿರದಲ್ಲಿ ಮೂರು ಎಂಬುದು ಯಾರನ್ನೂ ಹೆದರಿಸುವ ಸಂಖ್ಯೆಯಲ್ಲ. ಆ ಮೂರರ ಜಾತಿಯೇ ಮುಂದಿನ ನಾಲ್ಕು ದಶಕಗಳಲ್ಲಿ ಎಂ.ಆರ್.ಎಸ್.ಎ. ಎಂಬ ಹೆಸರಿನಿಂದ ಎಲ್ಲ ಖಂಡಗಳ ಆಸ್ಪತ್ರೆಗಳನ್ನೂ ಕಾಡಿತು. ಆ ಹಳೆಯ ಮಾದರಿಗಳ ವಂಶವಾಹಿಗಳನ್ನು ಇತ್ತೀಚೆಗೆ ಓದಿ ನೋಡಿದಾಗ, ಈ ಗುಣವು ೧೯೪೦ರ ದಶಕದ ಮಧ್ಯದಲ್ಲಿಯೇ, ಮೆಥಿಸಿಲಿನ್ ಹುಟ್ಟುವುದಕ್ಕೆ ಹದಿನಾಲ್ಕು ಹದಿನೈದು ವರ್ಷ ಮೊದಲೇ, ಬ್ಯಾಕ್ಟೀರಿಯದಲ್ಲಿ ಸೇರಿಕೊಂಡಿತ್ತೆಂದು ೨೦೧೭ರಲ್ಲಿ ಪ್ರಕಟವಾದ ಸಂಶೋಧನೆ ಸೂಚಿಸಿತು. ಪೆನಿಸಿಲಿನ್ನಿನ ವಿಪರೀತ ಬಳಕೆಯೇ ಅದಕ್ಕೆ ಅನುಕೂಲವನ್ನು ಕಲ್ಪಿಸಿತ್ತು. ಹೀಗೆ ಒಂದು ಔಷಧದ ದುರ್ವ್ಯಯವು ಇನ್ನೂ ಹುಟ್ಟದ ಔಷಧದ ಆಯುಷ್ಯವನ್ನೂ ತಿಂದುಹಾಕಬಲ್ಲದು.

೩. ಪ್ರತಿರೋಧದ ವರ್ಗಾವಣೆ

ತಾಯಿಯಿಂದ ಮಗಳಿಗೆ ಇಳಿದುಬರುವುದೊಂದೇ ಪ್ರತಿರೋಧದ ದಾರಿಯಾಗಿದ್ದರೆ ಅದನ್ನು ತಡೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ೧೯೫೦ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆ ಹಬ್ಬಿದಾಗ ಅಲ್ಲಿನ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ಶಿಗೆಲ್ಲ ಎಂಬ ಬ್ಯಾಕ್ಟೀರಿಯವು ಒಂದೇ ಬಾರಿಗೆ ನಾಲ್ಕು ಬೇರೆ ಬೇರೆ ಔಷಧಗಳಿಗೆ ಪ್ರತಿರೋಧ ಪಡೆದಿತ್ತು. ನಾಲ್ಕು ಆಕಸ್ಮಿಕಗಳು ಒಟ್ಟಿಗೆ ಸಂಭವಿಸುವುದು ನಂಬಲಾಗದ ಮಾತು. ಒಂದು ಬ್ಯಾಕ್ಟೀರಿಯವು ಮತ್ತೊಂದಕ್ಕೆ, ಅದು ಅನ್ಯಜಾತಿಯದಾದರೂ, ಈ ಗುಣಗಳ ಕಟ್ಟನ್ನೇ ಹಸ್ತಾಂತರಿಸುತ್ತದೆಂದು ಜಪಾನೀ ವಿಜ್ಞಾನಿಗಳು ೧೯೫೯ರಲ್ಲಿ ತೋರಿಸಿದರು. ವಂಶವಾಹಿಗಳ ಈ ಚಿಕ್ಕ ಉಂಗುರಗಳಿಗೆ ಪ್ಲಾಸ್ಮಿಡ್ ಎಂದು ಹೆಸರು. ಹುಂಡಿಯನ್ನು ಕೈಯಿಂದ ಕೈಗೆ ದಾಟಿಸುವಂತೆ ಬ್ಯಾಕ್ಟೀರಿಯಗಳು ಇವನ್ನು ದಾಟಿಸುತ್ತವೆ. ನಿರಪಾಯವಾಗಿ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯ ಕೂಡ ಈ ಉಂಗುರವನ್ನು ಕಾಪಾಡಿಕೊಂಡಿದ್ದು, ಒಂದು ದಿನ ಅಪಾಯಕಾರಿಯಾದ ನೆರೆಯದಕ್ಕೆ ಒಪ್ಪಿಸಬಹುದು.

ಈ ಅಧ್ಯಾಯದಲ್ಲಿ ಭಾರತದ ಹೆಸರೂ ಸೇರಿಕೊಂಡಿತು. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬನಲ್ಲಿ ೨೦೦೮ರಲ್ಲಿ ಕ್ಲೆಬ್ಸಿಯೆಲ್ಲ ಎಂಬ ಬ್ಯಾಕ್ಟೀರಿಯ ಪತ್ತೆಯಾಯಿತು. ಕಾರ್ಬಪೆನೆಮ್ ಎಂಬ, ಅಂತ್ಯಸಮಯಕ್ಕೆಂದು ಕಾದಿರಿಸುತ್ತಿದ್ದ, ಔಷಧವರ್ಗವನ್ನೇ ಒಡೆಯುವ ಹೊಸ ಕಿಣ್ವವೊಂದು ಅದರಲ್ಲಿತ್ತು. ೨೦೦೯ರಲ್ಲಿ ಅದನ್ನು ವರ್ಣಿಸಿದವರು ಎನ್.ಡಿ.ಎಂ.-೧ ಎಂದು ಹೆಸರಿಟ್ಟರು, ಎನ್.ಡಿ. ಎಂದರೆ ನ್ಯೂ ಡೆಲ್ಲಿ. ದೇಶದ ರಾಜಧಾನಿಯ ಹೆಸರನ್ನು ರೋಗಕಾರಕಕ್ಕೆ ಅಂಟಿಸಿದುದು ೨೦೧೦ರಲ್ಲಿ ದೊಡ್ಡ ವಿವಾದಕ್ಕೆ ಎಡೆಗೊಟ್ಟಿತು. ಆಕ್ಷೇಪಣೆ ಸಹಜವಾದುದೇ. ಆದರೆ ಹೆಸರಿನ ಜಗಳದಲ್ಲಿ ವಿಷಯದ ಗಾಂಭೀರ್ಯ ಮರೆಯಾಗಬಾರದಾಗಿತ್ತು. ೨೦೧೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ ೧೭೧ ಮಾದರಿಗಳ ಪೈಕಿ ೫೧ರಲ್ಲಿಯೂ, ನಲ್ಲಿಯ ನೀರಿನ ೫೦ರ ಪೈಕಿ ೨ರಲ್ಲಿಯೂ ಈ ವಂಶವಾಹಿ ದೊರೆಯಿತು. ಆಸ್ಪತ್ರೆಯ ಗೋಡೆಯೊಳಗಿನ ರೋಗವು ಊರಿನ ಚರಂಡಿಗೂ, ಚರಂಡಿಯ ರೋಗವು ಆಸ್ಪತ್ರೆಗೂ ಹೋಗಿಬರುತ್ತಿದೆಯೆಂಬುದೇ ಇದರ ತಾತ್ಪರ್ಯ. ಶೌಚವ್ಯವಸ್ಥೆಯೂ ಶುದ್ಧವಾದ ಕುಡಿಯುವ ನೀರೂ ಈ ದೃಷ್ಟಿಯಿಂದ ಔಷಧರಕ್ಷಣೆಯ ಅಂಗಗಳೇ ಆಗಿವೆ.

೪. ಆಸ್ಪತ್ರೆಯೇ ಏಕೆ?

ಗುಣಪಡಿಸಲೆಂದು ಕಟ್ಟಿದ ಸ್ಥಳವೇ ಪ್ರತಿರೋಧದ ನೆಲೆಯಾಗಲು ಕಾರಣವೇನೆಂಬ ಶಂಕೆ ಏಳುವುದು ಸಹಜ. ದುರ್ಬಲರಾದ ರೋಗಿಗಳು ಅಲ್ಲಿ ಒತ್ತೊತ್ತಾಗಿ ಮಲಗಿರುತ್ತಾರೆ. ಉಸಿರಾಟದ ನಳಿಕೆ, ರಕ್ತನಾಳದ ಕೊಳವೆ, ಮೂತ್ರದ ಕೊಳವೆ ಮೊದಲಾದವು ಚರ್ಮವೆಂಬ ಸಹಜ ಕೋಟೆಯಲ್ಲಿ ಬಾಗಿಲುಗಳನ್ನು ತೆರೆದಿರುತ್ತವೆ. ಪ್ರತಿಜೈವಿಕಗಳ ಬಳಕೆ ಅಲ್ಲಿ ಬೇರೆಲ್ಲಿಗಿಂತಲೂ ಸಾಂದ್ರವಾಗಿದ್ದು, ಸಾಧುತಳಿಗಳು ಅಳಿದು ಗಡುಸುತಳಿಗಳು ಮಾತ್ರ ಉಳಿಯುತ್ತವೆ. ಇವೆಲ್ಲವನ್ನೂ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಜೋಡಿಸುವ ಸೇತುವೆಯೆಂದರೆ ವೈದ್ಯರ, ದಾದಿಯರ, ಬಂಧುಗಳ ಕೈಗಳು. ಆಧುನಿಕ ವೈದ್ಯದ ಹೆಮ್ಮೆಯ ಸಾಧನೆಗಳಾದ ಮೂತ್ರಪಿಂಡದ ಕಸಿ, ಕ್ಯಾನ್ಸರಿನ ಔಷಧೋಪಚಾರ, ಹೃದಯದ ಶಸ್ತ್ರಚಿಕಿತ್ಸೆ, ತಿಂಗಳು ತುಂಬದೆ ಹುಟ್ಟಿದ ಶಿಶುಗಳ ರಕ್ಷಣೆ, ಇವೆಲ್ಲವೂ ಸೋಂಕು ತಗುಲಿದರೆ ಔಷಧವಿದೆಯೆಂಬ ಧೈರ್ಯದ ಮೇಲೆ ನಿಂತಿವೆ. ಆ ಧೈರ್ಯ ಕುಸಿದರೆ ಮೇಲಿನ ಉಪ್ಪರಿಗೆಗಳೂ ಕುಸಿಯುತ್ತವೆ.

೫. ನಿವಾರಣೋಪಾಯಗಳು

ನಿವಾರಣೆಯ ಮೊದಲ ಉಪಾಯ ಅತ್ಯಂತ ಹಳೆಯದು, ಅತ್ಯಂತ ಅಗ್ಗವಾದುದು. ಆದುದರಿಂದಲೇ ಅತ್ಯಂತ ಉಪೇಕ್ಷಿತವಾದುದು: ಕೈ ತೊಳೆಯುವುದು. ೧೮೪೭ರಲ್ಲಿ ವಿಯೆನ್ನದ ಹೆರಿಗೆ ಆಸ್ಪತ್ರೆಯ ಒಂದು ವಿಭಾಗದಲ್ಲಿ ಏಪ್ರಿಲ್ ತಿಂಗಳೊಂದರಲ್ಲಿ ನೂರಕ್ಕೆ ೧೮ಕ್ಕೂ ಹೆಚ್ಚು ತಾಯಂದಿರು ಸತ್ತರು. ಶವಪರೀಕ್ಷೆಯಿಂದ ನೇರವಾಗಿ ಬರುವ ವೈದ್ಯವಿದ್ಯಾರ್ಥಿಗಳು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯರು ಮೇ ತಿಂಗಳಲ್ಲಿ ವಿಧಿಸಿದರು. ಜೂನ್ ತಿಂಗಳಿಗೆ ಸಾವಿನ ಪ್ರಮಾಣ ನೂರಕ್ಕೆ ಸುಮಾರು ೨ಕ್ಕೆ ಇಳಿಯಿತು. ಬ್ಯಾಕ್ಟೀರಿಯಗಳ ಪರಿಚಯವೇ ಇಲ್ಲದಿದ್ದ ಕಾಲದ ಮಾತು ಇದು. ಇಷ್ಟಾದರೂ, ಒಂದೂವರೆ ಶತಮಾನದ ಬಳಿಕ, ೧೯೯೪ರಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವ ನಗರದ ದೊಡ್ಡ ಆಸ್ಪತ್ರೆಯಲ್ಲಿ ಲೆಕ್ಕ ಹಾಕಿ ನೋಡಿದಾಗ, ಕೈ ಶುಚಿಮಾಡಿಕೊಳ್ಳಬೇಕಾದ ಸಂದರ್ಭಗಳಲ್ಲಿ ನೂರಕ್ಕೆ ೪೮ರಲ್ಲಿ ಮಾತ್ರ ಆ ಕೆಲಸ ನಡೆಯುತ್ತಿತ್ತು. ಪ್ರತಿ ಹಾಸಿಗೆಯ ಬಳಿಯಲ್ಲಿ ಮದ್ಯಸಾರದ ದ್ರಾವಣವನ್ನಿಟ್ಟು, ಸತತವಾಗಿ ಪ್ರೇರೇಪಿಸಿ, ಮೂರು ವರ್ಷಗಳಲ್ಲಿ ಅದನ್ನು ೬೬ಕ್ಕೆ ಏರಿಸಲಾಯಿತು. ಅದೇ ಸುಮಾರಿಗೆ ಆಸ್ಪತ್ರೆಯಲ್ಲಿ ಅಂಟುವ ಸೋಂಕುಗಳು ನೂರು ರೋಗಿಗಳಿಗೆ ೧೬.೯ರಿಂದ ೯.೯ಕ್ಕೆ ಇಳಿದವು. ಅಂಟದ ಸೋಂಕಿಗೆ ಔಷಧ ಬೇಡ. ಬಳಸದ ಔಷಧದಿಂದ ಪ್ರತಿರೋಧ ಹುಟ್ಟದು.

ಎರಡನೆಯದು, ಸಾಮಾನ್ಯ ಕೆಲಸಗಳನ್ನು ತಪ್ಪದೆ ಕ್ರಮವಾಗಿ ಮಾಡುವುದು. ಅಮೆರಿಕದ ಮಿಚಿಗನ್ ಪ್ರಾಂತದ ೧೦೩ ತೀವ್ರನಿಗಾ ಘಟಕಗಳಲ್ಲಿ ರಕ್ತನಾಳಕ್ಕೆ ಕೊಳವೆ ಹಾಕುವಾಗ ಐದು ವಿಧಿಗಳನ್ನು ಪಾಲಿಸುವಂತೆ ಏರ್ಪಡಿಸಲಾಯಿತು: ಕೈ ತೊಳೆಯುವುದು, ಮೈಯನ್ನು ಪೂರ್ತಿ ಮುಚ್ಚುವ ನಿಲುವಂಗಿ ಮತ್ತು ಹೊದಿಕೆ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ನಿಂದ ಶುದ್ಧಿಗೊಳಿಸುವುದು, ಸಾಧ್ಯವಾದಷ್ಟೂ ತೊಡೆಯ ನಾಳವನ್ನು ಬಿಡುವುದು, ಅನಾವಶ್ಯಕವಾದ ಕೊಳವೆಯನ್ನು ಕೂಡಲೆ ತೆಗೆಯುವುದು. ವೈದ್ಯನು ಒಂದು ವಿಧಿಯನ್ನು ಮರೆತರೆ ತಡೆದು ನಿಲ್ಲಿಸುವ ಅಧಿಕಾರ ದಾದಿಗೂ ಇತ್ತು. ಇವುಗಳಲ್ಲಿ ಯಾವುದೂ ಹೊಸ ಶೋಧವಲ್ಲ. ಆದರೂ ಹದಿನೆಂಟು ತಿಂಗಳಲ್ಲಿ ಕೊಳವೆಯಿಂದ ಬರುವ ರಕ್ತದ ಸೋಂಕು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿತೆಂದು ೨೦೦೬ರಲ್ಲಿ ಪ್ರಕಟವಾಯಿತು.

ಮೂರನೆಯದು ಲೆಕ್ಕ ಮತ್ತು ಹೊಣೆ. ಇಂಗ್ಲೆಂಡಿನಲ್ಲಿ ಎಂ.ಆರ್.ಎಸ್.ಎ. ರಕ್ತಕ್ಕೆ ಸೇರಿದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ೨೦೦೧ರಲ್ಲಿ ಕಡ್ಡಾಯವಾಯಿತು. ಆ ಅಂಕಿಗಳು ಆಸ್ಪತ್ರೆಯ ಆಡಳಿತಘಟಕಗಳ ಹೆಸರಿನ ಸಹಿತ ಪ್ರಕಟವಾದವು. ೨೦೦೪ರಲ್ಲಿ, ೨೦೦೮ರೊಳಗೆ ಈ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕೆಂದು ಸರಕಾರ ಗುರಿ ವಿಧಿಸಿತು. ೨೦೦೩-೦೪ರಲ್ಲಿ ಸುಮಾರು ೭,೭೦೦ ಇದ್ದ ಪ್ರಸಂಗಗಳು ೨೦೦೮-೦೯ರಲ್ಲಿ ಸುಮಾರು ೨,೯೦೦ಕ್ಕೆ ಇಳಿದವು. ಈ ಅವಧಿಯಲ್ಲಿ ಯಾವ ಸಂಜೀವಿನಿಯೂ ಹೊಸದಾಗಿ ದೊರೆತಿರಲಿಲ್ಲ. ತನ್ನ ನಷ್ಟವನ್ನು ಬರೆದಿಡದ ಸಂಸ್ಥೆಗೆ ನಷ್ಟವಾಗುತ್ತಿದೆಯೆಂಬುದೇ ತಿಳಿಯದು. ಬರೆದಿಟ್ಟು ಹತ್ತು ಜನರ ಮುಂದೆ ಓದಬೇಕಾಗಿ ಬಂದಾಗ ತಿದ್ದಿಕೊಳ್ಳುವ ಬುದ್ಧಿ ಹುಟ್ಟುತ್ತದೆ.

ನಾಲ್ಕನೆಯದು ಔಷಧದ ಮಿತವ್ಯಯ. ಔಷಧ ಕೊಡುವ ಮೊದಲು ರಕ್ತ, ಮೂತ್ರ, ಕಫ ಮೊದಲಾದವನ್ನು ಪ್ರಯೋಗಶಾಲೆಗೆ ಕಳುಹಿಸಿ, ಯಾವ ಬ್ಯಾಕ್ಟೀರಿಯ, ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂದು ತಿಳಿಯಬೇಕು. ಕಾಯಲು ವ್ಯವಧಾನವಿಲ್ಲದಾಗ ವಿಶಾಲ ವ್ಯಾಪ್ತಿಯ ಔಷಧವನ್ನು ಆರಂಭಿಸಿದರೂ, ಫಲಿತಾಂಶ ಬಂದೊಡನೆ ಅದನ್ನು ಕಿರಿದುಗೊಳಿಸಬೇಕು. ನೆಗಡಿ ಮೊದಲಾದ ವೈರಸ್ ಬೇನೆಗಳಿಗೆ ಪ್ರತಿಜೈವಿಕದಿಂದ ಯಾವ ಉಪಯೋಗವೂ ಇಲ್ಲ. ಚಿಕಿತ್ಸೆಯ ದಿನಗಳ ಲೆಕ್ಕವನ್ನೂ ಶಾಸ್ತ್ರಜ್ಞರು ಪುನಃ ಪರಿಶೀಲಿಸುತ್ತಿದ್ದಾರೆ. ಹೊಟ್ಟೆಯೊಳಗಿನ ಸೋಂಕಿನ ಮೂಲವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಮೇಲೆ ಸುಮಾರು ನಾಲ್ಕು ದಿನಗಳ ಔಷಧವು ಎಂಟು ದಿನಗಳ ಔಷಧದಷ್ಟೇ ಸಫಲವೆಂದು ೨೦೧೫ರ ಒಂದು ಪರೀಕ್ಷೆ ತೋರಿಸಿತು. ಆದರೆ ಈ ನಿರ್ಣಯ ವೈದ್ಯನದು. ರೋಗಿಯು ತಾನಾಗಿ ನಿಲ್ಲಿಸುವುದೂ, ಉಳಿದ ಗುಳಿಗೆಗಳನ್ನು ಮುಂದಿನ ಜ್ವರಕ್ಕೆಂದು ತೆಗೆದಿಡುವುದೂ ತರವಲ್ಲ. ತೀರ ಅಲ್ಪ ಪ್ರಮಾಣದಲ್ಲಿ ಪೆನಿಸಿಲಿನ್ ಸೇವಿಸುವವನು ಬ್ಯಾಕ್ಟೀರಿಯಗಳಿಗೆ ಪ್ರತಿರೋಧದ ಪಾಠ ಕಲಿಸಿದಂತಾಗುತ್ತದೆಂದು, ಪೆನಿಸಿಲಿನ್ನನ್ನು ೧೯೨೮ರಲ್ಲಿ ಕಂಡುಹಿಡಿದ ಫ್ಲೆಮಿಂಗರೇ ೧೯೪೫ರ ತಮ್ಮ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಪ್ರತಿಜೈವಿಕಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು: ಸಾಮಾನ್ಯವಾಗಿ ಬಳಸತಕ್ಕವು, ಎಚ್ಚರದಿಂದ ಬಳಸತಕ್ಕವು, ಅನ್ಯೋಪಾಯವಿಲ್ಲದಾಗ ಮಾತ್ರ ಬಳಸತಕ್ಕವು. ದಿನದ ವೆಚ್ಚದ ಹಣ, ಠೇವಣಿ, ಆಪದ್ಧನ ಎಂಬ ಗೃಹಸ್ಥನ ವಿಂಗಡಣೆಗೆ ಇದು ಸಮಾನ. ೨೦೩೦ರೊಳಗೆ ಮನುಷ್ಯರಿಗೆ ಬಳಸುವ ಪ್ರತಿಜೈವಿಕಗಳಲ್ಲಿ ನೂರಕ್ಕೆ ೭೦ರಷ್ಟಾದರೂ ಮೊದಲ ವರ್ಗದವಾಗಿರಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ೨೦೨೪ರ ಸೆಪ್ಟೆಂಬರಿನಲ್ಲಿ ರಾಷ್ಟ್ರಗಳು ಒಪ್ಪಿದವು.

ಭಾರತದಲ್ಲಿಯೂ ಯತ್ನಗಳು ನಡೆದಿವೆ. ದೇಶದ ವೈದ್ಯಸಂಘಗಳು ಕೂಡಿ ೨೦೧೨ರಲ್ಲಿ ಚೆನ್ನೈ ಘೋಷಣೆಯನ್ನು ಸಿದ್ಧಪಡಿಸಿದವು. ೨೦೧೪ರ ಮಾರ್ಚಿನಿಂದ ಎಚ್-೧ ಎಂಬ ಅನುಸೂಚಿ ಜಾರಿಗೆ ಬಂದು, ಕಾರ್ಬಪೆನೆಮ್ ಮೊದಲಾದ ಔಷಧಗಳನ್ನು ಮಾರುವ ಅಂಗಡಿಯವನು ವೈದ್ಯನ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕೆಂದು ವಿಧಿಸಿತು. ವೈದ್ಯನ ಚೀಟಿಯಿಲ್ಲದೆ ಕೊಳ್ಳಬಾರದೆಂಬುದನ್ನು ಸೂಚಿಸುವ ಗುಳಿಗೆಪಟ್ಟಿಯ ಕೆಂಪುಗೆರೆಯ ಬಗ್ಗೆ ೨೦೧೬ರಲ್ಲಿ ಪ್ರಚಾರ ಆರಂಭವಾಯಿತು. ಕೇರಳವು ೨೦೧೮ರಲ್ಲಿ ತನ್ನದೇ ಆದ ಕಾರ್ಯಯೋಜನೆಯನ್ನು ರಚಿಸಿತು. ಕೊನೆಯ ಆಸರೆಯ ಔಷಧಗಳಲ್ಲಿ ಒಂದಾದ ಕೊಲಿಸ್ಟಿನ್ನನ್ನು ಕೋಳಿ ಮತ್ತು ಇತರ ಆಹಾರಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರಕಾರ ೨೦೧೯ರಲ್ಲಿ ನಿಷೇಧಿಸಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಮೂಲೆಯ ಅಂಗಡಿಯಲ್ಲಿ ಚೀಟಿಯಿಲ್ಲದೆ ಗುಳಿಗೆ ಕೇಳುವ ಗಿರಾಕಿಯೂ ಕೊಡುವ ವ್ಯಾಪಾರಿಯೂ ಅದನ್ನು ತಮ್ಮದೆಂದು ಭಾವಿಸಬೇಕು.

೬. ಹೊಸ ಔಷಧಗಳ ಆರ್ಥಿಕ ಸಮಸ್ಯೆ

ಇಷ್ಟೆಲ್ಲ ಕಷ್ಟವೇಕೆ, ಹೊಸ ಔಷಧಗಳನ್ನು ಕಂಡುಹಿಡಿದರೆ ಸಾಲದೆ ಎಂದು ಕೇಳಬಹುದು. ಹೊಸ ಔಷಧಗಳು ಬೇಕು; ಬರುತ್ತಲೂ ಇವೆ. ಚೆನ್ನೈಯ ಆರ್ಕಿಡ್ ಕಂಪನಿಯಲ್ಲಿ ಮೂಲತಃ ಶೋಧಿತವಾದ ಎನ್‌ಮೆಟಜೊಬ್ಯಾಕ್ಟಮ್ ಎಂಬ ವಸ್ತು, ಬ್ಯಾಕ್ಟೀರಿಯದ ಕಿಣ್ವವನ್ನು ಅಡಗಿಸಿ ಜೊತೆಯ ಔಷಧವನ್ನು ಕಾಪಾಡುತ್ತದೆ. ಇದಕ್ಕೆ ೨೦೨೪ರಲ್ಲಿ ಅಮೆರಿಕದ ಔಷಧಮಂಡಲಿಯ ಅನುಮತಿ ದೊರೆತುದು ಭಾರತೀಯರಿಗೆ ಸಂತೋಷದ ಸಂಗತಿ. ಬ್ಯಾಕ್ಟೀರಿಯವನ್ನೇ ತಿನ್ನುವ ಫೇಜ್ ಎಂಬ ವೈರಸ್ಸುಗಳಿಂದ ಚಿಕಿತ್ಸೆ ಮಾಡುವ, ೧೯೧೭ರ ಸುಮಾರಿಗೆ ದೆರೆಲ್ ಎಂಬವರಿಂದ ಮೊದಲಾದ, ವಿಚಾರವೂ ಪುನಃ ಜೀವ ತಳೆದಿದೆ.

ಆದರೆ ಇಲ್ಲಿ ಅರ್ಥಶಾಸ್ತ್ರದ ಒಂದು ತೊಡಕುಂಟು. ಬೇರೆ ಔಷಧಗಳು ಹೆಚ್ಚು ಮಾರಾಟವಾದಷ್ಟೂ ತಯಾರಕನಿಗೆ ಲಾಭ. ಹೊಸ ಪ್ರತಿಜೈವಿಕವನ್ನಾದರೋ ಆಪತ್ಕಾಲಕ್ಕೆಂದು ಬೀಗ ಹಾಕಿಡಬೇಕು. ವಿವೇಕಿಯಾದ ವೈದ್ಯನು ಅದನ್ನು ಬಳಸದಿರುವುದೇ ಲೋಕಹಿತ. ಹೀಗಾಗಿ ಕೋಟಿಗಟ್ಟಲೆ ಬಂಡವಾಳ ಹೂಡಿದವನಿಗೆ ಪ್ರತಿಫಲವಿಲ್ಲ. ಅಮೆರಿಕದ ಅಕಾವೊಜನ್ ಎಂಬ ಕಂಪನಿಯು ಪ್ಲಾಜೊಮೈಸಿನ್ ಎಂಬ ಔಷಧಕ್ಕೆ ೨೦೧೮ರಲ್ಲಿ ಅನುಮತಿ ಪಡೆದು, ೨೦೧೯ರ ಏಪ್ರಿಲಿನಲ್ಲಿ ದಿವಾಳಿಯಾಯಿತು. ಶೋಧದಲ್ಲಿ ಗೆದ್ದು ಪೇಟೆಯಲ್ಲಿ ಸೋತಿತು. ಇದಕ್ಕೆ ಪರಿಹಾರವಾಗಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ೨೦೨೨ರಲ್ಲಿ ಎರಡು ಔಷಧಗಳಿಗೆ, ಎಷ್ಟು ಬಳಸಿದರೂ ಬಳಸದಿದ್ದರೂ, ವರ್ಷಕ್ಕೆ ಒಂದು ಕೋಟಿ ಪೌಂಡುಗಳವರೆಗೆ ನಿಗದಿಯಾದ ಮೊತ್ತ ಕೊಡುವ ಏರ್ಪಾಡು ಮಾಡಿತು. ಊರಿನಲ್ಲಿ ಬೆಂಕಿ ಬೀಳದಿದ್ದರೂ ಅಗ್ನಿಶಾಮಕ ದಳಕ್ಕೆ ಸಂಬಳ ಕೊಡಬೇಕಷ್ಟೆ!

ಉಪಸಂಹಾರ

ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆ ೧೯೫೪ರಲ್ಲಿ ಸ್ಥಾಪಿತವಾದಾಗ, ಪೆನಿಸಿಲಿನ್ ಈ ದೇಶದ ಬಡವನಿಗೂ ಎಟುಕಬೇಕೆಂಬುದು ಅಂದಿನ ಹಿರಿಯರ ಹಂಬಲವಾಗಿತ್ತು. ಆ ಹಂಬಲ ಇಂದಿಗೂ ಪೂರ್ತಿಯಾಗಿ ಈಡೇರಿಲ್ಲ. ಒಂದೆಡೆ ಬೇಕಾದವನಿಗೆ ಔಷಧ ದೊರೆಯುವುದಿಲ್ಲ. ಇನ್ನೊಂದೆಡೆ ಬೇಡದವನು ಅದನ್ನು ನೀರಿನಂತೆ ಸೇವಿಸುತ್ತಾನೆ. ಮಿತವ್ಯಯವೆಂದರೆ ಬಡವನ ಪಾಲನ್ನು ಕಸಿದುಕೊಳ್ಳುವುದೆಂದು ಯಾರೂ ತಿಳಿಯಬಾರದು. ಅವನ ಸರದಿ ಬಂದಾಗ ಔಷಧವು ಇನ್ನೂ ಫಲಿಸುವಂತೆ ಉಳಿಸಿಡುವುದೆಂದೇ ಅದರ ಅರ್ಥ.

ಬ್ಯಾಕ್ಟೀರಿಯಗಳೊಡನೆ ಪೂರ್ಣವಿಜಯದ ಮಾತು ಸಲ್ಲದು. ಅವು ಮನುಷ್ಯನಿಗಿಂತ ಕೋಟಿ ಕೋಟಿ ವರ್ಷ ಹಳೆಯವು. ಒಮ್ಮೆ ಬೇರೂರಿದ ಪ್ರತಿರೋಧವು ಮೆಲ್ಲಮೆಲ್ಲನೆ ಇಳಿಯುತ್ತದೆ. ಕೆಲವೊಮ್ಮೆ ಇಳಿಯುವುದೇ ಇಲ್ಲ. ಆದರೂ ವಿಯೆನ್ನ, ಹ್ಯಾಮರ್‌ಸ್ಮಿತ್, ಜಿನೀವ, ಮಿಚಿಗನ್ ಇವೆಲ್ಲ ಸಾರುವ ಸ್ವಾನುಭವ ಒಂದೇ. ಆಸ್ಪತ್ರೆಯು ತನ್ನ ನಡವಳಿಕೆಯನ್ನು ತಿದ್ದಿಕೊಂಡರೆ ಸಾವು, ಸೋಂಕು ಅಥವಾ ಪ್ರತಿರೋಧದ ಪ್ರಮಾಣ ಕಣ್ಣಿಗೆ ಕಾಣುವಂತೆ ತಗ್ಗುತ್ತದೆ. ಅದಕ್ಕೆ ಬೇಕಾದುದರಲ್ಲಿ ಬಹುಭಾಗ ನೀರು, ಸಾಬೂನು, ಒಂದು ಪ್ರಯೋಗಶಾಲೆ, ಒಂದು ಲೆಕ್ಕದ ಪುಸ್ತಕ, ಮತ್ತು ಅದನ್ನು ಪ್ರಾಮಾಣಿಕವಾಗಿ ಬರೆಯುವ ಮನಸ್ಸು. ಆಕ್ಸ್‌ಫರ್ಡಿನ ವೈದ್ಯರು ಹನಿ ಹನಿಯಾಗಿ ಸಂಗ್ರಹಿಸಿ, ಮೂತ್ರದಿಂದಲೂ ಮರಳಿ ಪಡೆದು ಬಳಸಿದ ಆ ಔಷಧದ ಬೆಲೆಯನ್ನು ಅವರು ಅರಿತಿದ್ದರು. ಅದು ಹೇರಳವಾದ ಮೇಲೆ ಲೋಕವು ಆ ಬೆಲೆಯನ್ನು ಮರೆಯಿತು. ಮರೆತುದನ್ನು ನೆನಪಿಗೆ ತಂದುಕೊಳ್ಳಲು ಇನ್ನೂ ಕಾಲ ಮೀರಿಲ್ಲ.